ಕಣ್ಣೀರಿಗೆ ಸಿಕ್ಕ ಕಿಟಕಿ ಸೀಟು

ಮುಂಬಯಿಯ ಲೋಕಲ್ ರೈಲಿನಲ್ಲಿ, ಅದೂ ಸಂಜೆ ಆರೂವರೆಯ ನೂಕುನುಗ್ಗಲಿನಲ್ಲಿ, ಕಿಟಕಿ ಬದಿಯ ಸೀಟನ್ನು ತಾನಾಗಿ ಎದ್ದು ಇನ್ನೊಬ್ಬರಿಗೆ ಬಿಟ್ಟುಕೊಟ್ಟವರನ್ನು ನಾನು ಮೂವತ್ತೊಂದು ವರ್ಷಗಳ ಬ್ಯಾಂಕ್ ನೌಕರಿಯಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಮೂವರು ಕೂರುವ ಬೆಂಚಿನ ಅಂಚಿಗೆ ಅರ್ಧ ದೇಹವನ್ನು ಊರಿ, ಉಳಿದರ್ಧವನ್ನು ದೇವರ ಮೇಲೆ ಭಾರ ಹಾಕಿ ಕೂರುವ ‘ನಾಲ್ಕನೆಯ ಸೀಟು’ ಸಿಕ್ಕಿದರೇ ಅಂದು ಎದ್ದ ಮಗ್ಗುಲು ಒಳ್ಳೆಯದೆಂದು ತಿಳಿಯುವವರು ನಾವು. ಅಂಥದ್ದರಲ್ಲಿ ಕಳೆದ ಮಳೆಗಾಲದ ಒಂದು ಸಂಜೆ, ಘಾಟ್‌ಕೋಪರ್ ದಾಟಿದ ಮೇಲೆ, ತರುಣನೊಬ್ಬ ಕಿಟಕಿಯ ಪಕ್ಕದಿಂದ ಎದ್ದು, ‘ಬಸಾ ಕಾಕಾ’ ಎಂದು ನನ್ನ ಕೈಹಿಡಿದು ಕೂರಿಸಿ, ತನ್ನ ಬಾಟಲಿಯ ನೀರನ್ನೂ ಕೊಟ್ಟ. ಕಾರಣವಿಷ್ಟೇ: ನಾನು ನಿಂತಲ್ಲಿಯೇ ಅಳುತ್ತಿದ್ದೆ. ಫೋನಿನಲ್ಲಿ ಯಾರದೋ ಸಾವಿನ ಸುದ್ದಿ ಬಂದಿರಬೇಕೆಂದು ಸುತ್ತಲಿನವರು ತಿಳಿದಿದ್ದರು. ಸತ್ತವನು 1971ರಲ್ಲಿಯೇ ಸತ್ತಿದ್ದಾನೆ, ಅದಕ್ಕೆ ಮೊದಲು ಅವನು ಹುಟ್ಟಿಯೂ ಇರಲಿಲ್ಲ ಎಂಬುದನ್ನು ಅವರಿಗೆ ಹೇಗೆ ವಿವರಿಸುವುದು? ನನ್ನ ಮೊಬೈಲಿನಲ್ಲಿ ನಡೆಯುತ್ತಿದ್ದುದು ‘ಆನಂದ್’ ಸಿನಿಮಾದ ಕೊನೆಯ ದೃಶ್ಯ. ನಿಜ ಹೇಳಿದರೆ ಸೀಟು ಕೈಬಿಡುವ ಸಂಭವವಿದ್ದುದರಿಂದ ‘ಕಾಹೀ ನಾಹೀ’ ಎಂದಷ್ಟೇ ಹೇಳಿ, ಡೊಂಬಿವಲಿಯವರೆಗೆ ಮಳೆಗಾಳಿಗೆ ಮುಖವೊಡ್ಡಿ ಕುಳಿತೆ. ನಾಚಿಕೆಯೇನೋ ಆಯಿತು, ಎದ್ದು ನಿಲ್ಲುವಷ್ಟು ಆಗಲಿಲ್ಲ.

ಆ ಸಿನಿಮಾವನ್ನು ನಾನು ಏಳೆಂಟು ಸಲವಾದರೂ ನೋಡಿದ್ದೇನೆ. ಆನಂದನಿಗೆ ವಾಸಿಯಾಗದ ರೋಗವಿದೆ ಎಂಬುದು ಮೊದಲೇ ಗೊತ್ತು. ಅವನು ಸಾಯುತ್ತಾನೆಂಬುದೂ ಗೊತ್ತು. ವಿಚಿತ್ರವೆಂದರೆ ಅವನು ಸಾಯುವಾಗ ನನಗೆ ಅಳು ಬರುವುದೇ ಇಲ್ಲ. ಔಷಧ ತರಲು ಹೋದ ಡಾಕ್ಟರ್ ಗೆಳೆಯ ತಡವಾಗಿ ಬಂದು, ಮಾತಾಡು ಎಂದು ಹೆಣವನ್ನು ಗದರಿಸುವಾಗಲೂ ಗಂಟಲು ಸ್ವಲ್ಪ ಬಿಗಿಯುತ್ತದೆ, ಅಷ್ಟೇ. ಆದರೆ ಮೂಲೆಯಲ್ಲಿ ತನ್ನ ಪಾಡಿಗೆ ತಾನು ಸುತ್ತುತ್ತಿದ್ದ ಟೇಪ್ ರೆಕಾರ್ಡರ್, ಹಿಂದೆಂದೋ ತಮಾಷೆಗೆಂದು ಮುದ್ರಿಸಿಟ್ಟ ಸತ್ತವನ ದನಿಯನ್ನು ಹೊರಡಿಸುತ್ತದಲ್ಲ, ಆಗ ಮಾತ್ರ ಕಟ್ಟೆ ಒಡೆಯುತ್ತದೆ. 1988ರ ಜಪಾನಿ ಆನಿಮೇಷನ್ ಚಿತ್ರ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ನೋಡಿದಾಗಲೂ ಹೀಗೆಯೇ ಆಯಿತು. ಬಾಂಬು ಬಿದ್ದು ಊರಿಗೆ ಊರೇ ಉರಿಯುವಾಗ ಗಟ್ಟಿಯಾಗಿ ಕುಳಿತಿದ್ದವನು, ಪುಟ್ಟ ಹುಡುಗಿಯ ಪೆಪ್ಪರಮಿಂಟಿನ ಡಬ್ಬಿಯ ಮುಂದೆ ಸೋತುಹೋದೆ. ನನ್ನ ಮಟ್ಟಿಗಂತೂ ಅಳು ಬರುವುದು ಸಾವಿನಿಂದಲ್ಲ. ಸತ್ತವರ ಹಿಂದೆ ಉಳಿದುಬಿಡುವ ಡಬ್ಬಿ, ಟೇಪುಗಳಿಂದ.

ಇದು ನನ್ನ ಸ್ವಂತ ಸಂಶೋಧನೆಯೇನಲ್ಲ, ಅಜ್ಜಿಯಿಂದ ಬಂದದ್ದು. ಕುಂದಾಪುರದ ಕಡೆಯ ನಮ್ಮೂರಿನ ಗದ್ದೆಯಲ್ಲಿ ಹರಿಶ್ಚಂದ್ರನ ಯಕ್ಷಗಾನದ ಆಟವಿದ್ದರೆ ಅಜ್ಜಿ ಚಾಪೆ ಸುತ್ತಿಕೊಂಡು ಸಂಜೆಗೇ ಹೊರಡುತ್ತಿದ್ದರು. ಲೋಹಿತಾಶ್ವನಿಗೆ ಹಾವು ಕಚ್ಚಿದಾಗ ಅವರು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಚಂದ್ರಮತಿಯ ಪ್ರಲಾಪ ಮೊದಲಾದಾಗಲೂ ಭಾಗವತರ ಪದಕ್ಕೆ ತಲೆದೂಗುತ್ತಿದ್ದರೇ ಹೊರತು ಕಣ್ಣು ಒದ್ದೆಯಾಗುತ್ತಿರಲಿಲ್ಲ. ಸುಡುಗಾಡು ಕಾಯುವ ಹರಿಶ್ಚಂದ್ರ, ಎದುರಿಗಿರುವವಳು ಹೆಂಡತಿಯೆಂದು ತಿಳಿಯದೆ, ಹೆಣ ಸುಡಬೇಕಾದರೆ ಸುಂಕ ಕೊಡು ಎಂದು ಕೇಳುವ ಗಳಿಗೆ ಬಂದೊಡನೆ ಸೆರಗು ಕಣ್ಣಿಗೆ ಹೋಗುತ್ತಿತ್ತು. ಪ್ರತಿ ವರ್ಷ ಅದೇ ಗಳಿಗೆ, ಅದೇ ಸೆರಗು. ಒಮ್ಮೆ ಆಟ ಮುಗಿದ ಬೆಳಿಗ್ಗೆ ಚಂದ್ರಮತಿಯ ವೇಷ ಮಾಡಿದಾತ ಕಿವಿಯ ಹಿಂದೆ ಇನ್ನೂ ಬಣ್ಣ ಉಳಿಸಿಕೊಂಡು, ಬೀಡಿ ಸೇದುತ್ತ ನಮ್ಮ ಚಾವಡಿಗೆ ಬಂದ. ಬೀಡಿಯ ವಾಸನೆಯನ್ನು ಎಂದೂ ಸಹಿಸದ ಅಜ್ಜಿ ಅಂದು ಏನೂ ಅನ್ನದೆ, ಅವನ ಎಲೆಗೆ ಇನ್ನೆರಡು ದೋಸೆ ಹಾಕಿ, ‘ಪಾಪ, ರಾತ್ರಿಯಿಡೀ ಅತ್ತಿದ್ದಾನೆ’ ಎಂದರು. ಅವನು ಅತ್ತದ್ದು ಕಸುಬೆಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ದೋಸೆ ಹಾಕಿದರು. ಊರಿನಲ್ಲಿ ಮಳೆ ಹಿಡಿದು ಬಯಲಾಟ ನಿಂತಾಗ ಕಲಾವಿದರು ಮುಂಬಯಿಗೂ ಬರುತ್ತಾರೆ. ಮಾಟುಂಗದ ಸಭಾಗೃಹದಲ್ಲಿ ಅದೇ ಪ್ರಸಂಗವನ್ನು ನೋಡುತ್ತ, ಒಂದು ವಡೆಯನ್ನೂ ಸಾಲ ಕೊಡದ ಹೋಟೆಲ್ ಯಜಮಾನರೊಬ್ಬರು ಸುಂಕದ ಮಾತು ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡದ್ದನ್ನು ಕಂಡಿದ್ದೇನೆ.

ನಮ್ಮ ಹಿಂದಿನವರು ಇದನ್ನು ನಾಚಿಕೆಯ ವಿಷಯವೆಂದು ಎಣಿಸಿದಂತಿಲ್ಲ. ಭರತನ ನಾಟ್ಯಶಾಸ್ತ್ರ ಮನಸ್ಸು ಕಲಕಿದಾಗ ಮೈಯಲ್ಲಿ ತಾವಾಗಿ ತೋರುವ ಎಂಟು ಸಾತ್ತ್ವಿಕ ಭಾವಗಳಲ್ಲಿ ಅಶ್ರುವಿಗೂ ಒಂದು ಸ್ಥಾನ ಕೊಟ್ಟಿದೆ. ಸಂಸ್ಕೃತದ ನಾಟಕಕಾರ ಭವಭೂತಿಯಂತೂ ಒಂದು ಹೆಜ್ಜೆ ಮುಂದೆ ಹೋಗಿ, ನೀರೊಂದೇ ಸುಳಿಯಾಗಿ, ಗುಳ್ಳೆಯಾಗಿ, ಅಲೆಯಾಗಿ ಕಾಣುವಂತೆ ಕರುಣರಸವೊಂದೇ ಬೇರೆ ಬೇರೆ ರಸಗಳಾಗಿ ತೋರುತ್ತದೆ ಎಂದುಬಿಟ್ಟ. ಡಾರ್ವಿನ್ ಇಷ್ಟು ಉದಾರಿಯಲ್ಲ. ಭಾವನೆಗಳನ್ನು ಕುರಿತು 1872ರಲ್ಲಿ ಬರೆದ ಪುಸ್ತಕದಲ್ಲಿ ಅವನಿಗೆ ಅಳುವಿನ ಕಣ್ಣೀರಿನಿಂದ ಅಂಥ ಪ್ರಯೋಜನವೇನೂ ಕಾಣಲಿಲ್ಲ. ನನಗೆ ಇವರೆಲ್ಲರಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಕಣ್ಣಿನ ಡಾಕ್ಟರೊಬ್ಬರು ಹೇಳಿದ ಸಣ್ಣ ಮಾತು. ಕಣ್ಣಿನ ಒಳಮೂಲೆಯಿಂದ ಮೂಗಿಗೆ ಸಣ್ಣದೊಂದು ನಾಳವಿದೆ. ಕಣ್ಣೀರಿನ ಒಂದಷ್ಟು ಭಾಗ ಕೆನ್ನೆಗೆ ಬರುವ ಮೊದಲೇ ಆ ದಾರಿಯಲ್ಲಿ ಮೂಗಿಗೆ ಇಳಿದುಬಿಡುತ್ತದೆ. ಸಿನಿಮಾ ಥಿಯೇಟರಿನ ಕತ್ತಲೆಯಲ್ಲಿ ನಾಯಕ ಕಣ್ಣು ಮುಚ್ಚುತ್ತಿದ್ದಂತೆ ಸಾಲಿಗೆ ಸಾಲೇ ಮೂಗೆಳೆಯುವುದರ ಗುಟ್ಟು ಇದು. ಕೆನ್ನೆಯನ್ನು ಒಣಗಿಸಿಟ್ಟುಕೊಂಡ ಗಂಡಸರನ್ನು ಹಿಡಿದುಕೊಡುವುದು ಮೂಗೇ. ಗೋರೆಗಾಂವಿನ ಚಿತ್ರನಗರಿಯಲ್ಲಿ ಯಾರೋ ಗ್ಲಿಸರಿನ್ ಹಚ್ಚಿಕೊಂಡು ಅತ್ತದ್ದಕ್ಕೆ ಡೊಂಬಿವಲಿಯಲ್ಲಿ ನನ್ನ ಹೆಂಡತಿ ಅಸಲಿ ಕಣ್ಣೀರು ಸುರಿಸುವುದನ್ನು, ಇದು ಯಾವ ಸೀಮೆಯ ವಿನಿಮಯ ದರವೆಂದು ನಾನು ಬಹಳ ವರ್ಷ ಹಾಸ್ಯ ಮಾಡಿದ್ದೆ. ಈಗ ಮಾಡುವುದಿಲ್ಲ.

ಮಾಡದಿರಲು ಕಾರಣ ಮಗನ ವಿಡಿಯೋ ಗೇಮು. ಆಟದಲ್ಲಿಯೂ ಜನ ಅಳುತ್ತಾರೆಂದು ಅವನು ಹೇಳಿದಾಗ ನಾನು ನಕ್ಕಿದ್ದೆ. 1997ರ ‘ಫೈನಲ್ ಫ್ಯಾಂಟಸಿ 7’ ಎಂಬ ಆಟದಲ್ಲಿ ಏರಿತ್ ಎಂಬ ಹುಡುಗಿ ಕಥೆಯ ನಡುವೆಯೇ ಕೊಲೆಯಾಗುತ್ತಾಳಂತೆ. ಆಡುವವರು ಅಷ್ಟು ದಿನ ಕಷ್ಟಪಟ್ಟು ಅವಳಿಗೆ ಗಳಿಸಿಕೊಟ್ಟ ಶಕ್ತಿಯೂ ಅವಳೊಡನೆಯೇ ಹೋಗುತ್ತದಂತೆ. ಅವಳನ್ನು ಬದುಕಿಸುವ ಗುಪ್ತ ದಾರಿ ಇದ್ದೇ ಇರಬೇಕೆಂದು ಜನ ವರ್ಷಗಟ್ಟಲೆ ಹುಡುಕಿದರಂತೆ. ಇದು ಮುಳುಗಿದ ಠೇವಣಿಗೆ ಅಳುವುದೇ ಹೊರತು ಹುಡುಗಿಗಲ್ಲವೆಂದು ಬ್ಯಾಂಕಿನವನಾದ ನಾನು ತೀರ್ಪು ಕೊಟ್ಟೆ. ಮಗ ವಾದ ಮಾಡಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕಂಟ್ರೋಲರನ್ನು ನನ್ನ ಕೈಗಿಟ್ಟು, ‘ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್’ ಎಂಬ 2013ರ ಆಟವನ್ನು ಹಾಕಿಕೊಟ್ಟ.

ಕಾಯಿಲೆ ಬಿದ್ದ ತಂದೆಗೆ ಜೀವಜಲ ತರಲು ಹೊರಟ ಇಬ್ಬರು ಹುಡುಗರ ಕಥೆ ಅದು. ಅವರಾಡುವ ಭಾಷೆ ಯಾವ ದೇಶದ್ದೂ ಅಲ್ಲ, ಆಟಕ್ಕೆಂದೇ ಕಟ್ಟಿದ ಗೊಣಗು. ಅರ್ಥವಾಗದ ಭಾಷೆಯ ನಡುವೆ ಕೈಸನ್ನೆಯಲ್ಲಿ ಬದುಕುವುದು ಊರಿನಿಂದ ಮುಂಬಯಿಗೆ ಬಂದಿಳಿದವನಿಗೆ ಹೊಸದಲ್ಲವಾದ್ದರಿಂದ ನನಗೆ ತೊಂದರೆಯಾಗಲಿಲ್ಲ. ತೊಂದರೆ ಕೊಟ್ಟದ್ದು ಕೈಗಳು. ಕಂಟ್ರೋಲರಿನ ಎಡಭಾಗ ಅಣ್ಣನದು, ಬಲಭಾಗ ತಮ್ಮನದು. ಎಡ ಹೆಬ್ಬೆರಳಿನಿಂದ ಅಣ್ಣನನ್ನೂ ಬಲ ಹೆಬ್ಬೆರಳಿನಿಂದ ತಮ್ಮನನ್ನೂ ಒಟ್ಟಿಗೇ ನಡೆಸಬೇಕು. ಮೊದಲ ಅರ್ಧ ಗಂಟೆ ಇಬ್ಬರನ್ನೂ ಬೇಲಿಗೆ ಗುದ್ದಿಸಿದೆ. ಆಮೇಲೆ ಕೈಗಳು ತಾವಾಗಿ ಕಲಿತವು. ತಮ್ಮನಿಗೆ ಈಜು ಬಾರದು. ತಾಯಿ ಕಣ್ಣೆದುರೇ ನೀರುಪಾಲಾದದ್ದರಿಂದ ಅವನಿಗೆ ನೀರೆಂದರೆ ಭಯ. ಹೊಳೆ ಬಂದಾಗಲೆಲ್ಲ ಅಣ್ಣನ ಬೆನ್ನಿಗೆ ಅಂಟಿಕೊಂಡು ದಾಟುತ್ತಾನೆ.

ಕೊನೆಯ ಹೊತ್ತಿಗೆ ಅಣ್ಣ ಸಾಯುತ್ತಾನೆ. ತಮ್ಮನೇ ಅವನನ್ನು ಮಣ್ಣು ಮಾಡಬೇಕು. ನಾನು ಅಳಲಿಲ್ಲ; ಎಡಗೈಗೆ ಕೆಲಸವಿಲ್ಲದಂತಾಯಿತೆಂಬುದನ್ನು ಗಮನಿಸಿದೆ, ಅಷ್ಟೇ. ಮನೆಯ ದಾರಿಯಲ್ಲಿ, ಸುರಿಯುವ ಮಳೆಯಲ್ಲಿ, ಮತ್ತೆ ನೀರು ಎದುರಾಯಿತು. ತಮ್ಮನನ್ನು ಮುಂದೆ ನೂಕಿದೆ, ಹಿಂದೆ ಸರಿದ. ಬಲಗೈಯ ಬಟನನ್ನು ಮತ್ತೆ ಮತ್ತೆ ಒತ್ತಿದೆ, ಅವನು ಅಳ್ಳಾಡಲಿಲ್ಲ. ಆಟ ಕೆಟ್ಟಿದೆಯೇ ಎಂದು ಮಗನ ಮುಖ ನೋಡಿದೆ. ಅವನು ಕಿಟಕಿಯ ಕಡೆಗೆ ತಿರುಗಿಕೊಂಡು, ‘ಅಪ್ಪ, ಇನ್ನೊಂದು ಕೈ ಇದೆಯಲ್ಲ’ ಎಂದ. ಎಡಗೈ ಬೆರಳಿನಿಂದ ಅಣ್ಣನ ಬಟನನ್ನು ಅದುಮಿದೆ. ಹುಡುಗ ನೀರಿಗಿಳಿದು ಈಜತೊಡಗಿದ. ಆ ಪ್ಲಾಸ್ಟಿಕ್ಕಿನ ತುಂಡನ್ನು ಹಿಡಿದುಕೊಂಡು ನಾನು, ರೈಲಿನಲ್ಲಿ ಅತ್ತದ್ದು ಏನೂ ಅಲ್ಲ ಎನ್ನುವಂತೆ ಅತ್ತೆ. ಹೆಂಡತಿ ಅಡುಗೆಮನೆಯಿಂದ ಇಣುಕಿ ನೋಡಿ, ವಿನಿಮಯ ದರ ಎಷ್ಟಾಯಿತೆಂದು ಕೇಳಿದಳು.

ಊರಿನಲ್ಲಿ ಎಮ್ಮೆ ಮೇಯಿಸಿಕೊಂಡಿದ್ದ ನನ್ನನ್ನು ಕರೆತಂದು, ತಾನು ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆಯುತ್ತ, ನನ್ನನ್ನು ಕನ್ನಡದ ರಾತ್ರಿ ಶಾಲೆಗೆ ಸೇರಿಸಿದವನು ನನ್ನ ಅಣ್ಣ. ದೇವರ ದಯದಿಂದ ಮುಲುಂಡಿನಲ್ಲಿ ಗಟ್ಟಿಮುಟ್ಟಾಗಿಯೇ ಇದ್ದಾನೆ. ಅಂದು ರಾತ್ರಿ ಎಂಟೂವರೆಗೆ ಅವನಿಗೆ ಫೋನ್ ಮಾಡಿದೆ.

‘ಎಂತದು ಮಾರಾಯ, ಈ ಹೊತ್ತಿಗೆ? ದುಡ್ಡು ಬೇಕಿತ್ತಾ?’

‘ಇಲ್ಲ ಅಣ್ಣ, ಸುಮ್ಮನೆ ಮಾಡಿದೆ.’

‘ಸುಮ್ಮನೆ ಯಾರಾದರೂ ಫೋನ್ ಮಾಡುತ್ತಾರಾ? ಬೆಳಿಗ್ಗೆ ಮಾಡು. ಇಲ್ಲಿ ಸೀರಿಯಲ್ ನಡೀತಾ ಉಂಟು.’

ಅವನ ದನಿ ದಪ್ಪಗಾಗಿತ್ತು. ಮಾತಿನ ನಡುವೆ ಎರಡು ಸಲ ಮೂಗೆಳೆದ. ಯಾಕೆಂದು ಕೇಳಿದೆ.

‘ನೆಗಡಿ’ ಎಂದ.