ಉಗುರಲ್ಲಿ ಹೋಗೋದಕ್ಕೆ ಒಂದು ಚಾಕು

ಎಡಗೈ ಹೆಬ್ಬೆರಳಿಗೆ ಬ್ಯಾಂಡೇಜ್ ಸುತ್ಕೊಂಡು ಮೊಬೈಲಲ್ಲಿ ಟೈಪ್ ಮಾಡ್ತಿದೀನಿ, ಒತ್ತಕ್ಷರ ಎಲ್ಲಾದ್ರೂ ಜಾರಿಹೋಗಿದ್ರೆ ನೀವೇ ಎತ್ತಿ ಹಾಕ್ಕೊಂಡು ಓದ್ಕೊಳಿ. ಯಾರ ಜೊತೆನೂ ಜಗಳ ಆಗಿಲ್ಲ. ಚಾಕು ಮಡಚೋಕೆ ಹೋಗಿದ್ದೆ. ಏನನ್ನೂ ಕುಯ್ಯೋಕಲ್ಲ ಸ್ವಾಮಿ, ಬರೀ ಮಡಚೋಕೆ.

ಮೊದ್ಲು ನನ್ನ ಹತ್ರ ಒಂದು ಪುಟ್ಟ ಕೆಂಪು ಚಾಕು ಇತ್ತು. ವಿಕ್ಟೋರಿನಾಕ್ಸ್ ಕ್ಲಾಸಿಕ್, ಮಡಚಿದ್ರೆ 58 ಮಿಲಿಮೀಟರ್, ಕಿರುಬೆರಳಿನಷ್ಟು. ಒಂದು ಅಲಗು, ಒಂದು ಕತ್ತರಿ, ಉಗುರಿಗೆ ಉಜ್ಜೋ ಅರ, ಚಿಮುಟ, ಹಲ್ಲುಕಡ್ಡಿ. ಹಲ್ಲುಕಡ್ಡಿ ಮೊದಲನೇ ವರ್ಷಾನೇ ಕಳೆದುಹೋಯ್ತು, ಅದು ಕಳೆದುಹೋಗೋಕೆ ಅಂತಾನೇ ಕೊಡ್ತಾರೋ ಏನೋ. ಉಳಿದದ್ದು 11 ವರ್ಷ ಕೀ ಗೊಂಚಲಲ್ಲಿ ನೇತಾಡ್ಕೊಂಡಿತ್ತು. ಹೋದ ತಿಂಗಳು ಏರ್‌ಪೋರ್ಟ್ ಸೆಕ್ಯುರಿಟಿಲಿ ಟ್ರೇ ವಾಪಸ್ ಹೋಯ್ತು, ಮತ್ತೆ ಬಂತು, ಮತ್ತೆ ಹೋಯ್ತು. ಕೈಬ್ಯಾಗಲ್ಲಿ ಚಾಕು ಒಯ್ಯಬಾರ್ದು ಅಂತ ನಂಗೊತ್ತಿಲ್ವಾ, ಚೆನ್ನಾಗೇ ಗೊತ್ತು, ಆದ್ರೆ ನನ್ನ ತಲೇಲಿ ಅದು ಚಾಕು ಅಂತ ಇರ್ಲೇ ಇಲ್ಲ, ಕೀ ಅಂತ ಇತ್ತು. ತಪ್ಪು ನಂದೇ, ಯಾರ ಮೇಲೆ ಸಿಟ್ಟು ಮಾಡ್ಲಿ.

ಪಕ್ಕದಲ್ಲಿ ಒಂದು ಪಾರದರ್ಶಕ ಡಬ್ಬಿ ಇತ್ತು, ಅದರೊಳಗೆ ಹಾಕಿ ಅಂದ್ರು. ಬಗ್ಗಿ ನೋಡಿದೆ. ಕೆಂಪು, ಕಪ್ಪು, ನೀಲಿ, ಮರದ ಹಿಡಿಯದ್ದು, ಎಲ್ಲಾ ನಂದರಂಥವೇ, ಜೇಬಲ್ಲಿ ಉಜ್ಜಿ ಉಜ್ಜಿ ಮೂಲೆ ಸವೆದುಹೋದವು. ಒಂದಕ್ಕೆ ಯಾರೋ ಹಳದಿ ದಾರ ಕಟ್ಟಿದ್ರು, ಕತ್ತಲಲ್ಲಿ ಬ್ಯಾಗಿಗೆ ಕೈ ಹಾಕಿದ್ರೆ ತಟ್ಟನೆ ಸಿಗ್ಲಿ ಅಂತಿರ್ಬೇಕು. ಆ ದಾರ ಕಟ್ಟಿದವರು ಈಗ್ಲೂ ಬ್ಯಾಗಲ್ಲಿ ದಾರಕ್ಕೆ ತಡಕ್ತಿರ್ತಾರೇನೋ ಅನ್ನಿಸಿ, ಒಂದು ನಿಮಿಷ ನನ್ನ ವಿಮಾನ, ಗೇಟು ಎಲ್ಲಾ ಮರೆತೇ ಹೋಯ್ತು. ಹಿಂದಿನವರು ಕೆಮ್ಮಿದ್ರು. ಹಾಕಿ ಬಂದೆ.

ಅದನ್ನೇ ಇನ್ನೊಂದು ತಗೊಂಡಿದ್ರೆ ಈ ಬರಹದ ಅಗತ್ಯಾನೇ ಇರ್ತಿರ್ಲಿಲ್ಲ. ಆದ್ರೆ ಮನುಷ್ಯನಿಗೆ ಒಂದು ವಸ್ತು ಕಳೆದಾಗ ಅದಕ್ಕಿಂತ ದೊಡ್ಡದು ಬೇಕು ಅನ್ಸುತ್ತೆ. ನನ್ನ ಹೆಂಡತಿ ಮೊದಲನೇ ದಿನಾನೇ ಹೇಳಿದ್ಳು, "ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕ್ರೀ?" ನ್ಯಾಯವಾಗಿ ನೋಡಿದ್ರೆ ನಾನು ಕತ್ತರಿಸೋದು ಕೊರಿಯರ್ ಡಬ್ಬಿ ಟೇಪು, ಹೊಸ ಶರ್ಟಿನ ಟ್ಯಾಗಿನ ದಾರ, ವರ್ಷಕ್ಕೊಂದ್ಸಲ ಹಗ್ಗ. ಆದ್ರೆ ರಾತ್ರಿ 12 ಗಂಟೆಗೆ ಚಾಕು ಹುಡುಕ್ತಾ ಕೂತವನಿಗೆ ಟೇಪು ಕಾಣ್ಸಲ್ಲ. ಕಾಡು ಕಾಣ್ಸುತ್ತೆ, ಪ್ರವಾಹ ಕಾಣ್ಸುತ್ತೆ, ಕಾರಿನ ಸೀಟ್ ಬೆಲ್ಟಲ್ಲಿ ಸಿಕ್ಕಾಕ್ಕೊಂಡ ಅಪರಿಚಿತರು ಕಾಣ್ತಾರೆ.

ಆಮೇಲೆ ಸ್ಟೀಲು. ಚಾಕು ಉಕ್ಕಿನದ್ದು ಅಂತ ಇಷ್ಟು ವರ್ಷ ನಂಬ್ಕೊಂಡು ಬದುಕಿದ್ದೆ. ಅಷ್ಟೇ ಅಲ್ವಂತೆ, ಉಕ್ಕಲ್ಲೇ ನೂರೆಂಟು ಜಾತಿ ಇವೆಯಂತೆ. ಡಿ2, 440ಸಿ, 14ಸಿ28ಎನ್, 8ಸಿಆರ್13ಎಂಒವಿ, ಬ್ಯಾಂಕಿನವರು ಕೇಳೋ ಪಾಸ್‌ವರ್ಡಿಗೆ ಇವು ಹೇಳಿ ಮಾಡಿಸಿದ ಹಾಗಿವೆ. 1095 ಅನ್ನೋ ಸ್ಟೀಲಿನ ಹೆಸರಲ್ಲಿ ಕೊನೇ 95 ಅಂದ್ರೆ ಶೇ. 0.95ರಷ್ಟು ಇಂಗಾಲ ಅಂತ ಗೊತ್ತಾದ ದಿನ ಎಂಥದೋ ಜ್ಞಾನೋದಯ ಆದಂಗಾಗಿ ಹೆಂಡತಿನ ಎಬ್ಬಿಸಿ ಹೇಳಿದೆ, ಅವಳು ಆ ಕಡೆ ತಿರುಗಿ ಮಲಗಿದ್ಳು. ಸಾರಾಂಶ ಇಷ್ಟೇ: ಕಾರ್ಬನ್ ಜಾಸ್ತಿ ಇರೋದು ಚೆನ್ನಾಗಿ ಹರಿತ ಆಗುತ್ತೆ ಆದ್ರೆ ಒರೆಸದೆ ಇಟ್ರೆ ತುಕ್ಕು, ಕ್ರೋಮಿಯಂ ಜಾಸ್ತಿ ಇರೋದು ಸುಲಭಕ್ಕೆ ತುಕ್ಕು ಹಿಡಿಯಲ್ಲ. ಟೇಪಿಗೆ ಎರಡೂ ಒಂದೇ.

ಸ್ಟೀಲ್ ಆದ್ಮೇಲೆ ತೆರೆಯೋ ಬಗೆ. ಹಳೇ ಮಾದರಿ ಚಾಕುಗಳ ಅಲಗಿನ ಮೇಲೆ ಒಂದು ಸಣ್ಣ ಗೀರು ಇರುತ್ತೆ, ಅದಕ್ಕೆ ಉಗುರು ಸಿಕ್ಕಿಸಿ ಎಳೀಬೇಕು. ನಂಗೆ ಉಗುರು ಕಚ್ಚೋ ಅಭ್ಯಾಸ. ಹಳೇ ಕೆಂಪು ಚಾಕು 11 ವರ್ಷಕ್ಕೆ ಸಡಿಲ ಆಗಿ ನನ್ನ ಕಷ್ಟ ಅರ್ಥ ಮಾಡ್ಕೊಂಡಿತ್ತು, ಹೊಸವು ಎಲ್ಲಿ ಕೇಳ್ತವೆ. ಉಗುರಲ್ಲಿ ಹೋಗೋದಕ್ಕೆ ಅಂತ ಚಾಕು ಹುಡುಕಿದ್ರೆ ಆ ಚಾಕು ತೆಗೆಯೋಕೇ ಉಗುರು ಬೇಕು! ಇದರ ಮೇಲೆ ನಾನು ಎಡಚ ಬೇರೆ. ಆ ಗೀರನ್ನೂ ಬಲಗೈಯವರ ಉಗುರಿಗೆ ಸಿಗೋ ಪಕ್ಕದಲ್ಲೇ ಕೊರೆದಿರ್ತಾರೆ.

ಫ್ರಾನ್ಸಿನ ಒಪಿನೆಲ್ ಮೇಲೆ ಸ್ವಲ್ಪ ದಿನ ಮನಸ್ಸಿತ್ತು. 1890ರಿಂದ ಮಾಡ್ತಿದಾರೆ, ಮರದ ಹಿಡಿ, ನೋಡಿದ್ರೆ ಎತ್ಕೊಂಡು ಮುದ್ದಾಡ್ಬೇಕು ಅನ್ಸುತ್ತೆ, 1955ರಲ್ಲಿ ಬಂದ ಉಂಗುರದ ಲಾಕ್ ಇದೆ, ತಿರುಗಿಸಿದ್ರೆ ಆಯ್ತು. ಆದ್ರೆ ತೇವಕ್ಕೆ ಮರ ಉಬ್ಬಿದ್ರೆ ಅಲಗು ಒಳಗೇ ಕಚ್ಕೊಳ್ಳುತ್ತೆ, ಆಗ ಹಿಡಿಯ ತುದೀನ ಮೇಜಿಗೆ ಕುಟ್ಟಬೇಕಂತೆ, ಕುಟ್ಟಿದ್ರೆ ಅಲಗು ಈಚೆ ಇಣುಕುತ್ತೆ. ಆಫೀಸಲ್ಲಿ ಒಂದು ಕವರ್ ತೆಗೆಯೋಕೆ ಮೇಜು ಕುಟ್ಟೋದು ನನ್ನ ಸ್ವಭಾವಕ್ಕೆ ಒಗ್ಗಲ್ಲ. ಬಕ್ 110 ನೋಡಿದೆ, 1964ರಿಂದ ಇದೆ, ಹಿತ್ತಾಳೆ ಎಲ್ಲಾ ಹಾಕಿ ಗಟ್ಟಿಮುಟ್ಟಾಗಿದೆ, ತೂಕ ಸುಮಾರು 200 ಗ್ರಾಂ. ಅದನ್ನ ಜೇಬಿಗೆ ಹಾಕಿದ್ರೆ ಪ್ಯಾಂಟ್ ಇನ್ನೊಂದು ಕೈಲಿ ಹಿಡ್ಕೋಬೇಕು.

ಕೊನೆಗೆ ತಗೊಂಡಿದ್ದು, ತೆರೆದ ಅಲಗು ತಾನಾಗೇ ಮಡಚ್ಕೊಳ್ಳದ ಹಾಗೆ ಲೈನರ್ ಲಾಕ್ ಇರೋ ಒಂದು ಫ್ಲಿಪ್ಪರ್. ಹಿಂಬದಿ ಕಿವಿ ಥರ ಒಂದು ಚಾಚು ಇರುತ್ತೆ, ಅದನ್ನ ತೋರುಬೆರಳಲ್ಲಿ ಒತ್ತಿದ್ರೆ ಟಕ್ ಅಂತ ಅಲಗು ಹಾರಿ ಹೊರಗೆ ಬರುತ್ತೆ. ಉಗುರು ಬೇಡ, ಎಡ ಬಲ ಭೇದ ಇಲ್ಲ. ಮನೇಲಿ ಸೋಫಾ ಮೇಲೆ ಕೂತು ಒಂದು ನೂರು ಸಲ ಟಕ್ ಅನ್ನಿಸಿದೆ. ಪ್ರತಿ ಸಲಾನೂ ತೊಡೆ ಮೇಲಿಟ್ಟು ಎರಡೂ ಕೈಯಲ್ಲಿ ನಿಧಾನಕ್ಕೆ ಮಡಚಿದ್ದೆ, ಅದ್ರಲ್ಲೇನೂ ವಿಶೇಷ ಕಾಣ್ಸಿರ್ಲಿಲ್ಲ.

ನಿನ್ನೆ ಆಫೀಸಿಗೆ ಒಂದು ಡಬ್ಬಿ ಬಂತು. ನಮ್ಮ ಪಕ್ಕದ ಸೀಟಿನವರು, ಇವರ ಬಗ್ಗೆ ಹೇಳ್ಬೇಕು, ಜೇಬಲ್ಲಿ ಏನೂ ಇಟ್ಕೊಳಲ್ಲ, ಪೆನ್ನೂ ಇಲ್ಲ. 11 ವರ್ಷದಿಂದ "ಚಾಕು ಇದ್ಯಾ" ಅಂತಾರೆ, ಕೊಟ್ರೆ ಮೊದ್ಲು ಹೆಬ್ಬೆರಳು ಅಲಗಿನ ಮೇಲೆ ಅಡ್ಡಕ್ಕೆ ಸವರಿ, ತಲೆ ಆಡಿಸಿ "ಹರಿತ ಸಾಲ್ದು" ಅಂತಾರೆ, ಆಮೇಲೆ ಕತ್ತರಿಸಿ ಟೇಪಿನ ಅಂಟು ಸಮೇತ ವಾಪಸ್ ಕೊಡ್ತಾರೆ. ಒಂದ್ಸಲ ಅದರಲ್ಲೇ ಸ್ಕ್ರೂ ತಿರುಗಿಸಿ ತುದಿ ಬಗ್ಗಿಸಿದ್ರು. ನಿನ್ನೆ "ಚಾಕು ಇದ್ಯಾ" ಅಂದ ತಕ್ಷಣ ನಾನು ಕೊಡ್ಲಿಲ್ಲ. ಎದ್ದು ನಿಂತು, ಎಡಗೈಯಲ್ಲಿ ಜೇಬಿಂದ ತೆಗೆದು, ಟಕ್. ಎಂಟು ತಲೆ ಈ ಕಡೆ ತಿರುಗಿದ್ವು. ಡಬ್ಬಿ ತೆರೆಯೋಕೆ ಮೂರು ಸೆಕೆಂಡು ಹಿಡೀತು.

ಮಡಚ್ಬೇಕಲ್ಲ ಈಗ. ಲೈನರ್ ಲಾಕ್ ಅಂದ್ರೆ ಹಿಡಿಯೊಳಗೆ ಒಂದು ತೆಳ್ಳನೆ ತಗಡು, ಅಲಗು ತೆರೆದಾಗ ಅದು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತೆ. ಬಲಗೈಯವರು ಹೆಬ್ಬೆರಳಲ್ಲಿ ಅದನ್ನ ಆಚೆ ತಳ್ತಾರೆ, ಅಷ್ಟೇ. ಅಲಗು ಎಲ್ಲಿಗೆ ಬಂದು ಬೀಳುತ್ತೋ ಸರಿಯಾಗಿ ಅದೇ ಜಾಗದಲ್ಲಿ ಬೆರಳಿಟ್ಟು ತಳ್ಬೇಕು, ಇದನ್ನ ಯಾರು ಯೋಚನೆ ಮಾಡಿದ್ರೋ ಆ ದೇವ್ರೇ ಬಲ್ಲ. ಎಡಗೈಲಿ ಹಿಡಿದ್ರೆ ಆ ತಗಡು ಉಲ್ಟಾ ಪಕ್ಕಕ್ಕಿರುತ್ತೆ, ಎಳ್ಕೋಬೇಕು. ಎಳೆದೆ. ಬರ್ಲಿಲ್ಲ. ಎಂಟು ಜನ ನೋಡ್ತಾನೇ ಇದಾರೆ, ತೊಡೆ ಮೇಲಿಟ್ಕೊಂಡು ಎರಡೂ ಕೈ ಹಾಕೋಕೆ ಮರ್ಯಾದೆ ಬಿಡ್ಲಿಲ್ಲ. ಅಷ್ಟೊತ್ತಿಗೆ ಮ್ಯಾನೇಜರ್ ಬಾಗಿಲಲ್ಲಿ ನಿಂತು "ಮೀಟಿಂಗ್, ಬನ್ನಿ ಬನ್ನಿ" ಅಂದ್ರು.

ಏನ್ಮಾಡ್ಲಿ, ಹಾಗೇ ಹೊರಟೆ. ಅಲಗು ಕೆಳಕ್ಕೆ, ತೊಡೆಗೆ ಅಂಟಿಸ್ಕೊಂಡು, ಏನೂ ಇಲ್ಲದವನ ಥರ. ಹಾಗೆ ನಡೆಯೋದು ಇನ್ನೂ ಕೆಟ್ಟದಾಗಿ ಕಾಣುತ್ತೆ ಅಂತ ಅರ್ಧ ಕಾರಿಡಾರ್ ದಾಟಿದ ಮೇಲೆ ಹೊಳೀತು. ಎದುರಿಂದ ಬರ್ತಿದ್ದ ಅಕೌಂಟ್ಸಿನವರು ಎಂದಿನಂತೆ ಕೈ ಎತ್ತಿ ಹಾಯ್ ಅಂದ್ರು, ಅಭ್ಯಾಸಬಲ ನೋಡಿ, ನಾನೂ ಎತ್ತಿದೆ. ಆ ಕೈನೇ. ಅವರು ಬಂದ ದಾರೀಲೇ ವಾಪಸ್ ಹೋದ್ರು, ಓಡ್ಲಿಲ್ಲ, ಆದ್ರೆ ನಡಿಗೇನೂ ಅನ್ನೋಕಾಗಲ್ಲ. ಕಾರಿಡಾರು ಅಷ್ಟು ಅಗಲ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ, ಎಲ್ರೂ ಗೋಡೆಗೆ ಸರಿದು ಜಾಗ ಬಿಟ್ರು. ಮೀಟಿಂಗಲ್ಲಿ ಚಾಕುನ ಡೈರಿ ಒಳಗೆ ಮುಚ್ಚಿಟ್ಕೊಂಡೆ, ಅರ್ಧ ಇಂಚು ಹೊರಗಿತ್ತು. ಈ ಸಲ ನನ್ನ ವರದೀಗೆ ಒಬ್ರೂ ಪ್ರಶ್ನೆ ಕೇಳ್ಲಿಲ್ಲ.

ಸೀಟಿಗೆ ವಾಪಸ್ ಬಂದು, ಸಿಟ್ಟಲ್ಲಿ ಎಡ ಹೆಬ್ಬೆರಳಿಂದ ತಗಡನ್ನ ಜೋರಾಗಿ ಮೀಟಿದೆ. ಈ ಸಲ ಬಂತು. ಅಲಗೂ ಬಂತು.

ಫಸ್ಟ್ ಏಡ್ ಡಬ್ಬಿ ತಂದಿದ್ದು ಪಕ್ಕದ ಸೀಟಿನವರೇ, ಅದನ್ನ ಇಲ್ಲ ಅನ್ನೋಕಾಗಲ್ಲ. ಬ್ಯಾಂಡೇಜಿನ ಕವರ್ ನನ್ನ ಒಂದು ಕೈಲಿ ಹರೀಲಿಲ್ಲ, ಹಲ್ಲಲ್ಲಿ ಕಚ್ಚಿದ್ರೂ ಹರೀಲಿಲ್ಲ. ಅವರು ಇಸ್ಕೊಂಡು, ಅಂಚಿಗೆ ಉಗುರು ಸಿಕ್ಕಿಸಿ ಸರ್ ಅಂತ ಸೀಳಿದ್ರು, ಅಂಟಿಸಿದ್ರು. ಆಮೇಲೆ ಮೇಜಿನ ಮೇಲಿದ್ದ ಚಾಕು ಎತ್ಕೊಂಡು ಟಕ್ ಅನ್ನಿಸಿ, ಹೆಬ್ಬೆರಳನ್ನ ಅಲಗಿನ ಮೇಲೆ ಅಡ್ಡಕ್ಕೆ ಸವರಿ, ತಲೆ ಆಡಿಸಿ "ಹರಿತ ಸಾಲ್ದು" ಅಂದ್ರು.