ಚಕ್ಕುಲಿಯ ಪತ್ರಿಕಾ ವ್ಯಾಸಂಗ

ನಾಯಿಮರಿ ಬಂದ ವಾರವೇ ನಮ್ಮ ಮೈಸೂರಿನ ಮನೆಯಿಂದ ಫಿನಾಯಿಲ್ ಗಡೀಪಾರಾಯಿತು. ಒರೆಸಿದ ನೆಲದ ಮೇಲೆ ಓಡಾಡಿ ಮರಿ ಪಾದ ನೆಕ್ಕಿಕೊಂಡರೆ ಹೊಟ್ಟೆಗೆ ವಿಷ ಹೋಗುತ್ತದೆ, ಅಮೋನಿಯಾ ಇರುವ ದ್ರಾವಣವೂ ಬೇಡ, ಮೂತ್ರದ ವಾಸನೆಯೂ ಅದೇ ಆದ್ದರಿಂದ ಮರಿ ಮತ್ತೆ ಅಲ್ಲಿಗೇ ಬರುತ್ತದೆ ಎಂದರು ಪಶುವೈದ್ಯರು. ನೀರು ಬೆರೆಸಿದ ವಿನೆಗರ್‌ನಲ್ಲಿ ಒರೆಸಿ ಎಂಬ ಅವರ ಸಲಹೆಯನ್ನು ಶಿರಸಾ ವಹಿಸಿದೆ. ಸಂಜೆ ದೇವರಿಗೆ ದೀಪ ಹಚ್ಚಲು ಬಂದ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, ‘ಏನೋ ಇದು, ಮನೆಯೊಳಗೆ ಗೋಬಿ ಮಂಚೂರಿ ಗಾಡಿ ನಿಲ್ಲಿಸಿದ್ದೀಯಾ?’ ಎಂದರು.

ಮರಿ ಅಪ್ಪಟ ಬೀದಿನಾಯಿಯ ಸಂತಾನ. ಬಾಲ ಸುರುಳಿ ಸುತ್ತಿದ್ದರಿಂದ ಚಕ್ಕುಲಿ ಎಂದು ಹೆಸರಿಟ್ಟೆವು. ಎರಡು ತಿಂಗಳ ಮರಿ ಎರಡು-ಮೂರು ಗಂಟೆಗಿಂತ ಹೆಚ್ಚು ತಡೆದುಕೊಳ್ಳಲಾರದು. ಎದ್ದ ಕೂಡಲೇ, ಉಂಡ ಕೂಡಲೇ, ಆಡಿದ ಕೂಡಲೇ ಹೊರಗೆ ಕರೆದೊಯ್ಯಬೇಕು. ನೆಲ ಮೂಸುತ್ತ ಸುತ್ತು ಹಾಕಿತೆಂದರೆ ಎತ್ತಿಕೊಂಡು ಓಡಬೇಕು. ಲಸಿಕೆಗಳೆಲ್ಲ ಮುಗಿಯುವವರೆಗೆ ಬೀದಿಗೆ ಬಿಡುವಂತಿಲ್ಲ, ಪಾರ್ವೊ ರೋಗದ ಭಯ. ಉಳಿದದ್ದು ಹಿತ್ತಲು. ಧನುರ್ಮಾಸದ ಚಳಿಯಲ್ಲಿ, ಅಪರಾತ್ರಿ, ಮಫ್ಲರ್ ಸುತ್ತಿಕೊಂಡು ನುಗ್ಗೆಮರದ ಕೆಳಗೆ ನಿಂತು ‘ಮಾಡಪ್ಪ, ಮಾಡು’ ಎಂದು ಬೇಡಿಕೊಳ್ಳುವುದು ನನ್ನ ಪಾಳಿಗೆ ಬಂತು. ಚಕ್ಕುಲಿ ಒಣಗಿದ ನುಗ್ಗೆಕಾಯಿಯೊಂದನ್ನು ಕಚ್ಚಿಕೊಂಡು ಹಿತ್ತಲೆಲ್ಲ ಮೆರವಣಿಗೆ ಮಾಡಿ, ಒಳಗೆ ಬಂದು, ಬಚ್ಚಲ ಮುಂದಿನ ಕಾಲೊರಸಿನ ಮೇಲೆ ನಿರಾಳವಾಗುತ್ತಿತ್ತು. ಅಪರೂಪಕ್ಕೆ ಹೊರಗೇ ಮುಗಿಸಿದರೆ ಆ ಕ್ಷಣದಲ್ಲೇ ಹೊಗಳಬೇಕು. ತಡವಾದರೆ ಹೊಗಳಿಕೆ ಯಾವುದಕ್ಕೆಂದು ಅದಕ್ಕೆ ತಿಳಿಯುವುದಿಲ್ಲ. ಹಾಗಾಗಿ ಕತ್ತಲಲ್ಲೇ ‘ಭೇಷ್! ಭೇಷ್!’ ಎನ್ನುತ್ತಿದ್ದೆ. ‘ಅಷ್ಟು ಹೊತ್ತಿನಲ್ಲಿ ಯಾರ ಕಚೇರಿ ಕೇಳುತ್ತೀರಿ ಸಾರ್?’ ಎಂದು ಪಕ್ಕದ ಮನೆಯವರು ವಿಚಾರಿಸಿದರು. ಮೈಸೂರಿನಲ್ಲಿ ಮೊದಲು ಬರುವುದು ಸಂಗೀತದ ಅನುಮಾನವೇ ಎಂಬುದು ನಮ್ಮ ಪುಣ್ಯ.

ಅಪ್ಪ ನಿವೃತ್ತ ಮುಖ್ಯೋಪಾಧ್ಯಾಯರು. ಗದರಿಸದೆ ವಿದ್ಯೆ ಹತ್ತುತ್ತದೆಂದು ನಂಬಿದವರಲ್ಲ. ‘ಮುಖ ನೋಡು, ತಪ್ಪು ಮಾಡಿದ್ದು ಅದಕ್ಕೇ ಗೊತ್ತಿದೆ’ ಎಂದು ಮರಿಯ ತಗ್ಗಿದ ಕಿವಿಗಳನ್ನು ಸಾಕ್ಷಿಯಾಗಿ ತೋರಿಸುತ್ತಿದ್ದರು. ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿಜ್ಞಾನಿ 2009ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಅವರಿಗೆ ವಿವರಿಸಿದೆ. ನಾಯಿ ತಪ್ಪು ಮಾಡಿರಲಿ, ಬಿಡಲಿ, ಯಜಮಾನರು ಗದರಿಸಿದರೆ ಆ ಮುಖ ಬರುತ್ತದೆ. ಏನೂ ಮಾಡದೆ ಬೈಸಿಕೊಂಡ ನಾಯಿಗಳ ಮುಖವೇ ಹೆಚ್ಚು ಬಾಡಿತ್ತಂತೆ. ಅಪ್ಪ ಕನ್ನಡಕ ಒರೆಸುತ್ತ ಬಹಳ ಹೊತ್ತು ಸುಮ್ಮನಿದ್ದರು. ಬೆಂಚಿನ ಮೇಲೆ ನಿಂತಿದ್ದ ಯಾವ್ಯಾವ ಹುಡುಗರು ನೆನಪಾದರೋ.

ಕೊನೆಗೆ ಹೆಂಡತಿ ಪೇಪರ್ ಪದ್ಧತಿ ತಂದಳು. ನಡುಮನೆಯ ಮೂಲೆಯಲ್ಲಿ ಹಳೆಯ ಪತ್ರಿಕೆ ಹಾಸಿ, ದಿನದಿನವೂ ಅದನ್ನು ಹಿತ್ತಲ ಬಾಗಿಲಿನ ಕಡೆಗೆ ಸರಿಸುತ್ತ, ಕಡೆಗೆ ಹೊರಗೆ ತಲುಪಿಸುವುದು. ಚಕ್ಕುಲಿ ಚುರುಕು. ಕಾಗದ ಕಂಡಲ್ಲಿ ಕೆಲಸ ಎಂಬ ಸೂತ್ರವನ್ನು ಬೇಗನೆ ಹಿಡಿಯಿತು. ಹಿಡಿದದ್ದನ್ನು ಸೋಫಾದ ಪಕ್ಕ ಬಿದ್ದಿದ್ದ ವಿದ್ಯುತ್ ಬಿಲ್ಲಿಗೂ, ನೆಂಟರು ಅರಿಶಿನ ಹಚ್ಚಿ ಕೊಟ್ಟುಹೋದ ಲಗ್ನಪತ್ರಿಕೆಗೂ, ಪಿಯು ಕಾಲೇಜಿನ ಉಪನ್ಯಾಸಕಿಯಾದ ನನ್ನ ಹೆಂಡತಿ ತಿದ್ದಲೆಂದು ಚಾಪೆಯ ಮೇಲೆ ಹರಡಿದ್ದ ಉತ್ತರ ಪತ್ರಿಕೆಗಳಿಗೂ ಅನ್ವಯಿಸಿತು. ‘ರೀ, ಈ ಹುಡುಗನಿಗೆ ಏನೆಂದು ಹೇಳಲಿ? ಓದಿಕೊಂಡು ಬಂದು ಬರೆದವನು ಇವನೊಬ್ಬನೇ!’ ಎನ್ನುತ್ತ ಅವಳು ಹೇರ್ ಡ್ರೈಯರ್ ಹಿಡಿದು ಕುಳಿತಳು. ಶಾಯಿ ಹರಡಿದ ಕಡೆಯೆಲ್ಲ ಪೂರ್ತಿ ಅಂಕ ಕೊಟ್ಟಳೆಂದು ಕಾಣುತ್ತದೆ. ನಾನು ಕೇಳಲು ಹೋಗಲಿಲ್ಲ.

ಈಗ ಚಕ್ಕುಲಿ ಹಿತ್ತಲಿನಲ್ಲೇ ಮಾಡುತ್ತದೆ, ಆದರೆ ನುಗ್ಗೆಮರದ ಕೆಳಗೆ ಪತ್ರಿಕೆ ಹಾಸಿರಬೇಕು. ಹಳೆಯವೆಲ್ಲ ಖರ್ಚಾಗಿ ಅಂದಂದಿನದೇ ಬೇಕಾಗುತ್ತಿದೆ. ಬೆಳಿಗ್ಗೆ ಅಪ್ಪ ಓದುವಾಗ ಎದುರಿಗೆ ಕುಳಿತು, ಪುಟ ತಿರುಗಿದಂತೆಲ್ಲ ಬಾಲ ಅಲ್ಲಾಡಿಸುತ್ತದೆ. ಸಂಪಾದಕೀಯದಲ್ಲಿ ಅವರು ತಡ ಮಾಡಿದರೆ ಕುಂಯ್‌ಗುಡುತ್ತದೆ. ಮಾಮೂಲಿ ದಿನ ಹೇಗೋ ನಡೆಯುತ್ತದೆ, ಪುರವಣಿ ಬರುವ ಭಾನುವಾರ ಇಬ್ಬರಿಗೂ ಕಷ್ಟ. ಪದಬಂಧ ತುಂಬಲು ಅಪ್ಪನ ಕೈಗೆ ಯಾರೂ ಪೆನ್ನು ಕೊಡಬಾರದೆಂದು ಅಮ್ಮ ಕಟ್ಟಪ್ಪಣೆ ಮಾಡಿದ್ದಾರೆ.