ಜಾಗ ಸರಿ, ಹೊತ್ತು ಯಾವುದು?

ಘಟ್ಟ ಇಳಿದು ಕರಾವಳಿ ನೋಡಲು ಬರುವವರ ಮೊಬೈಲಿನಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. ಸೋಮೇಶ್ವರ, ಕಾಪು, ಮಲ್ಪೆ, ಮರವಂತೆ, ಮುರ್ಡೇಶ್ವರ, ಗೋಕರ್ಣ. ಒಂದು ಟೆಂಪೋ ಟ್ರಾವೆಲರ್, ಎರಡು ದಿನ. ಪಟ್ಟಿಯಲ್ಲಿ ತಪ್ಪಿಲ್ಲ. ಊರುಗಳೂ ಅಲ್ಲೇ ಇವೆ, ಕಡಲೂ ಎಲ್ಲೂ ಹೋಗಿಲ್ಲ. ಆದರೆ ಭರತ, ಅಂದರೆ ಕಡಲಿನ ಉಬ್ಬರ, ಏರಿ ಮರಳನ್ನೆಲ್ಲ ನುಂಗಿ ಕೂತ ಮಧ್ಯಾಹ್ನ ಒಂದೂವರೆಗೆ ಗಾಡಿಯಿಂದ ಇಳಿದರೆ ಯಾವ ಊರಾದರೇನು? 'ಇಷ್ಟೇನಾ?' ಎಂದು ಎಳನೀರು ಕುಡಿದು ಮತ್ತೆ ಗಾಡಿ ಹತ್ತುವುದೇ. ಪಟ್ಟಿ ಮಾಡಿದವರು ಜಾಗ ಬರೆದರು, ಹೊತ್ತು ಬರೆಯಲಿಲ್ಲ.

ಹೊತ್ತಿನ ಲೆಕ್ಕ ಕಷ್ಟದ್ದೇನಲ್ಲ. ಈ ಕಡಲಿಗೆ ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದು ಭರತದಿಂದ ಇನ್ನೊಂದಕ್ಕೆ ಹೆಚ್ಚುಕಡಿಮೆ 12 ಗಂಟೆ 25 ನಿಮಿಷ. ಅಂದರೆ ಇವತ್ತು ಬೆಳಿಗ್ಗೆ 7ಕ್ಕೆ ನೀರು ಪೂರ್ತಿ ಇಳಿದಿದ್ದರೆ ನಾಳೆ 7.50ರ ಆಸುಪಾಸಿಗೆ ಇಳಿಯುತ್ತದೆ. ವಾರ ಕಳೆದರೆ ಅದೇ 7 ಗಂಟೆಗೆ ಭರತ. ಅಮಾವಾಸ್ಯೆ, ಹುಣ್ಣಿಮೆಯಲ್ಲಿ ಏರೂ ಜಾಸ್ತಿ, ಇಳಿಯುವುದೂ ಜಾಸ್ತಿ. ಅಷ್ಟಮಿಯ ಹೊತ್ತಿಗೆ ಎರಡೂ ಸಪ್ಪೆ. ನೀರು ಒಂದು ಮೀಟರ್ ಇಳಿದರೆ ಏನು ಮಹಾ ಅನ್ನಿಸಬಹುದು. ಇಪ್ಪತ್ತು ಹೆಜ್ಜೆಗೆ ಒಂದು ಹೆಜ್ಜೆಯಷ್ಟು ಇಳಿಜಾರಿರುವ ತೀರದಲ್ಲಿ ಆ ಒಂದು ಮೀಟರಿಗೆ 20 ಮೀಟರ್ ಮರಳು ಬಯಲಾಗುತ್ತದೆ. ಉಳಿದದ್ದನ್ನು ಬಂದರಿನಲ್ಲಿ ಬಲೆ ಹೊಲಿಯುತ್ತ ಕೂತವರನ್ನು ಕೇಳಿದರಾಯಿತು, ಗಡಿಯಾರ ನೋಡದೆ ಹೇಳುತ್ತಾರೆ.

ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ಬೆಳಗಿನ ದೋಣಿಯೇ ಸರಿ. ಬೆಳಿಗ್ಗೆ ಕಡಲು ಸುಮ್ಮನಿರುತ್ತದೆ. ಹೊತ್ತೇರಿದಂತೆ ನೆಲ ನೀರಿಗಿಂತ ಬೇಗ ಕಾಯುತ್ತದೆ, ಕಾದ ನೆಲದ ಗಾಳಿ ಮೇಲೇಳುತ್ತದೆ, ಆ ಜಾಗ ತುಂಬಲು ಕಡಲ ಗಾಳಿ ಒಳನುಗ್ಗುತ್ತದೆ. ಮಧ್ಯಾಹ್ನದ ಮೇಲೆ ದೋಣಿ ತೂಗಾಡುವುದು, ಮೀನೂಟ ಮಾಡಿ ಹತ್ತಿದವರ ಮುಖ ಬಾಡುವುದು ಇದರಿಂದಲೇ. ಮಳೆಗಾಲದಲ್ಲಂತೂ ದೋಣಿ ಬಿಡುವುದೇ ಇಲ್ಲ.

ಅಲ್ಲಿಗೆ ಹೋದವರು ಸೆಲ್ಫಿಗೆ ಬೆನ್ನು ಕೊಡುವ ಕಂಬಗಲ್ಲುಗಳನ್ನು ಒಮ್ಮೆ ಮುಖ ಕೊಟ್ಟು ನೋಡಬೇಕು. ಮಡಗಾಸ್ಕರ್ ಇನ್ನೂ ನಮ್ಮ ನೆಲಕ್ಕೆ ಅಂಟಿಕೊಂಡಿದ್ದ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಉಕ್ಕಿ ಹರಿದ ಲಾವಾ ಇದು. ಆರುತ್ತ ಆರುತ್ತ ಕುಗ್ಗಿತು, ಕುಗ್ಗಿದ್ದು ಬಿರಿಯಲೇಬೇಕಲ್ಲ. ಬೇಸಿಗೆಯಲ್ಲಿ ಒಣಗಿದ ಗದ್ದೆಯ ಕೆಸರು ಬಿರಿಯುವಂತೆಯೇ, ಆದರೆ ಇಲ್ಲಿ ಬಿರುಕು ಮೇಲ್ಮೈಯಲ್ಲಿ ನಿಲ್ಲದೆ ಆಳಕ್ಕೆ ಇಳಿಯುತ್ತ ಹೋಯಿತು, ಕಂಬಗಳಾದವು. ಎಲ್ಲರೂ ಷಟ್ಕೋನ ಎನ್ನುತ್ತಾರೆ. ಬೆರಳಿಟ್ಟು ಎಣಿಸಿದರೆ ಐದು ಮುಖದವೂ ಏಳು ಮುಖದವೂ ಸಿಗುತ್ತವೆ. ಮಕ್ಕಳಿಗೆ ಈ ಕೆಲಸ ಒಪ್ಪಿಸಿದರೆ ಒಂದು ಗಂಟೆ ನಿಶ್ಚಿಂತೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಇಳಿತದಲ್ಲಿ ಕೆಳಗಿನ ಸಾಲಿನ ಕಲ್ಲುಗಳೂ ತಲೆ ತೋರಿಸುತ್ತವೆ, ಕಾಲು ಜಾರುವುದೂ ಅಲ್ಲೇ. ಒಣಗಿದ ಬೂದುಗಲ್ಲು ಹಿಡಿತ ಕೊಡುತ್ತದೆ. ಹಸಿರು ಮಿಂಚಿದರೆ ಪಾಚಿ, ಅದನ್ನು ತುಳಿಯಬಾರದು. ತೀರದಲ್ಲಿ ಮರಳಿಗಿಂತ ಚಿಪ್ಪೇ ಹೆಚ್ಚು, ಬರಿಗಾಲು ಕೊಯ್ಯುತ್ತದೆ. ಹವಾಯಿ ಚಪ್ಪಲಿಯೂ ಬೇಡ, ಹಿಮ್ಮಡಿಗೆ ಪಟ್ಟಿ ಇರುವುದು ಬೇಕು.

ಮರವಂತೆಯ ತಮಾಷೆ ಬೇರೆ. ಸೌಪರ್ಣಿಕಾ ಕೊಲ್ಲೂರಿನ ಕಾಡಿನಿಂದ ಇಷ್ಟು ದೂರ ಬಂದು, ಕಡಲು ಇನ್ನೇನು ಒಂದು ಕಲ್ಲೆಸೆತ ಅನ್ನುವಾಗ ತಿರುಗಿ ನಡೆದುಬಿಡುತ್ತದೆ. ಕೂಡುವುದು ಆಮೇಲೆ, ದಕ್ಷಿಣಕ್ಕೆ ಗಂಗೊಳ್ಳಿಯ ಅಳಿವೆಯಲ್ಲಿ. ನಡುವಿನ ಪಟ್ಟಿಯ ಮೇಲೆ ಹೆದ್ದಾರಿ 66. ಫೋಟೋದಲ್ಲಿ ನದಿ, ರಸ್ತೆ, ಕಡಲು ಮೂರೂ ಒಟ್ಟಿಗೆ ಕಾಣುವುದು ಡ್ರೋನಿನ ಕಣ್ಣಿಗೆ. ನೆಲದ ಮೇಲೆ ನಿಂತವರು ಒಂದನ್ನು ನೋಡಬೇಕಾದರೆ ಇನ್ನೊಂದಕ್ಕೆ ಬೆನ್ನು ಹಾಕಲೇಬೇಕು. ಹಾಗಾಗಿ ಬೆಳಿಗ್ಗೆ ನದಿ, ಸಂಜೆ ಕಡಲು ಎಂದು ಹಂಚಿಕೊಳ್ಳುವುದು ಮೇಲು. ಸಂಜೆಗೆ ಬಂದವರಲ್ಲಿ ಹೆಚ್ಚಿನವರು ನದಿಯನ್ನು ನೋಡದೆಯೇ ಹೋಗುತ್ತಾರೆ, ಪಾಪ ಅದು.

ಹೊನ್ನಾವರದಲ್ಲಿ ಶರಾವತಿಯ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಮರದ ಹಲಗೆಯ ಕಾಲುದಾರಿ ಇದೆ. ಇಲ್ಲಿ ತುಂಬು ಭರತಕ್ಕೆ ಹೋದರೆ ನೀರಲ್ಲಿ ನಿಂತ ಹಸಿರು ಪೊದೆ ಕಾಣುತ್ತದೆ, ಅಷ್ಟೆ. ನೀರು ಅರ್ಧ ಇಳಿದಾಗ ಹೋಗಬೇಕು. ಆಗ ಕೊಡೆಯ ಕಡ್ಡಿಗಳಂತೆ ಕಾಂಡದಿಂದ ಇಳಿಬಿದ್ದ ಬೇರುಗಳು ಹೊರಬರುತ್ತವೆ. ಕೆಲವು ಜಾತಿಗಳಲ್ಲಿ ಕೆಸರಿನಿಂದ ಪೆನ್ಸಿಲಿನಂತೆ ಮೇಲಕ್ಕೆ ನೆಟ್ಟಗೆ ಎದ್ದ ಬೇರುಗಳಿರುತ್ತವೆ. ಈ ಕೆಸರಿನಲ್ಲಿ ಉಸಿರಿಗೆ ಗಾಳಿ ಸಾಲದು, ಆ ಬೇರುಗಳು ಎದ್ದಿರುವುದೇ ಗಾಳಿಗಾಗಿ. ಕೊಂಬೆಯಲ್ಲಿ ನುಗ್ಗೆಕಾಯಿಯಂತೆ ತೂಗುವುದು ಕಾಯಿಯಲ್ಲ, ತಾಯಿಮರದಲ್ಲಿದ್ದಾಗಲೇ ಮೊಳೆತ ಸಸಿ.

ಗೋಕರ್ಣದ ಓಂ ತೀರದ ಓಂಕಾರ ಮರಳಿನ ಮೇಲೆ ಹುಡುಕಿದರೆ ಸಿಗದು; ಇಳಿಯುವ ಮೊದಲೇ ಮೇಲಿನ ಗುಡ್ಡದಲ್ಲಿ ನಿಂತು ನೋಡಬೇಕು. ಗುಡ್ಡದ ದಾರಿಯಲ್ಲಿ ಮುರಕಲ್ಲಿನ ಹರಳು ರಾಗಿಯಂತೆ ಉರುಳುತ್ತದೆ, ಕತ್ತಲಾದ ಮೇಲೆ ಅಲ್ಲಿ ಸಾಹಸ ಬೇಡ. 'ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ' ಎಂಬ ಗಾದೆ ಈಗ ಅರ್ಧ ಹಳತಾಯಿತು. ಯಾಣದ ಹತ್ತಿರದವರೆಗೂ ಗಾಡಿ ಹೋಗುತ್ತದೆ, 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಬುಡ ಮುಟ್ಟಲು ಸೊಕ್ಕು ಸ್ವಲ್ಪ ಇದ್ದರೂ ಸಾಕು.

ನೀರಿಗೆ ಇಳಿಯುವವರಿಗೆ ಒಂದು ಮಾತು. ಅಲೆ ಸಾಲಾಗಿ ಒಡೆಯುತ್ತಿರುವಾಗ ನಡುವೆ ಒಂದು ಕಡೆ ಮಾತ್ರ ಅಲೆಯಿಲ್ಲದೆ, ನೀರು ತುಸು ಕದಡಿ, ಸೌಮ್ಯವಾಗಿ ಕಂಡರೆ ಅಲ್ಲಿ ಸೆಳೆತ ಇದೆ ಎಂದೇ ತಿಳಿಯಬೇಕು. ದಡಕ್ಕೆ ಬಂದ ನೀರು ವಾಪಸು ಹೋಗುವ ದಾರಿ ಅದು. ಹೊಸಬರು ಮಕ್ಕಳನ್ನು ಕರೆದುಕೊಂಡು ಇಳಿಯುವುದು ಸರಿಯಾಗಿ ಅಲ್ಲಿಗೇ, 'ಇಲ್ಲಿ ಅಲೆ ಇಲ್ಲ' ಎಂದು. ಸಿಕ್ಕಿಕೊಂಡರೆ ದಡಕ್ಕೆ ನೇರ ಈಜಿದಷ್ಟೂ ಸುಸ್ತು. ದಡಕ್ಕೆ ಸಮಾನಾಂತರವಾಗಿ ಒಂದಷ್ಟು ದೂರ ಈಜಿ, ಅಲೆ ಒಡೆಯುವ ಕಡೆಯಿಂದ ಮರಳಬೇಕು. ಈಜು ಬಾರದವರಿಗೆ ಮೊಣಕಾಲೇ ಗಡಿ.

ಕೊನೆಗೆ ಸೂರ್ಯಾಸ್ತ. ಸೂರ್ಯ ನೀರಿಗೆ ಇಳಿದದ್ದೇ ತಡ, ಚಾಪೆ ಕೊಡವಿ ಎಲ್ಲರೂ ಏಳುತ್ತಾರೆ. ಮೋಡದ ಹೊಟ್ಟೆಗೆ ಕೆಂಪು ಹತ್ತುವುದು ಆಮೇಲೆ, ಹತ್ತು-ಹದಿನೈದು ನಿಮಿಷ ಬಿಟ್ಟು. ಒದ್ದೆ ಮರಳಿನಲ್ಲಿ ಅದೇ ಬಣ್ಣ ಇನ್ನೊಮ್ಮೆ ಕಾಣಲು ನೀರು ಇಳಿಯುತ್ತಿರಬೇಕು. ಎರಡೂ ಕೂಡಿಬಂದ ಸಂಜೆ ದಡದಲ್ಲಿ ಇರುವವರು ಚುರುಮುರಿಯವನು ಮತ್ತು ಎರಡು ನಾಯಿ. ಟೆಂಪೋ ಆಗಲೇ ಹಾರ್ನ್ ಹೊಡೆಯುತ್ತಿರುತ್ತದೆ.